ಷೆವರ್ಲೆಗೆ ಒಪ್ಪಿದ ಗಂಡು

ನಂಜೇಶ ಮಾಡಿದ ತಪ್ಪು ಇಷ್ಟೇ. ಮೈಸೂರಿನಲ್ಲಿ ಹಳೇ ಕಾರುಗಳ ಪ್ರದರ್ಶನ ನೋಡಲು ಹೋದವನು ಅಮೆರಿಕದ ಒಂದು ಉದ್ದನೆಯ ಕಾರಿಗೆ ಒರಗಿ ನಿಂತು ಫೋಟೋ ತೆಗೆಸಿಕೊಂಡು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ಅವನಿಗೆ ಸ್ವಂತದ್ದು ಅಂತ ಇದ್ದದ್ದು ಒಂದು ಸ್ಕೂಟರು. ಅದರ ಪ್ಲಗ್ ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಆದರೆ ಆ ಫೋಟೋವನ್ನು ಪಕ್ಕದ ಮನೆಯ ಪುಟ್ಟಬಸಮ್ಮ ನೋಡಿದಳು. ಆಕೆ ನೋಡಿದ ಮೇಲೆ ಯಾವ ವಿಷಯವೂ ಇದ್ದಷ್ಟೇ ಇರುವುದಿಲ್ಲ.

ಪುಟ್ಟಬಸಮ್ಮ ಟಿ. ನರಸೀಪುರದ ಅಕ್ಕಿ ಗಿರಣಿಯ ಶಂಭುಲಿಂಗಪ್ಪನಿಗೆ ಫೋನು ಮಾಡಿ, ಹುಡುಗ ಅಮೆರಿಕದ ಕಾರುಗಳನ್ನು ಅರೆದು ಕುಡಿದಿದ್ದಾನೆ ಎಂದುಬಿಟ್ಟಳು. ಶಂಭುಲಿಂಗಪ್ಪನ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಮಗಳು ಶ್ವೇತ ಇದ್ದಳು, ಕೆಟ್ಟು ನಿಂತ ಅಮೆರಿಕದ ಹಳೇ ಷೆವರ್ಲೆ ಕಾರೂ ಇತ್ತು. ಅವನಿಗೆ ಯಾವುದರ ಚಿಂತೆ ಹೆಚ್ಚು ಎಂದು ಹೆಂಡತಿಗೂ ಸರಿಯಾಗಿ ಗೊತ್ತಿರಲಿಲ್ಲ.

ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ನಂಜೇಶ ಹೆಣ್ಣು ನೋಡಲು ಹೊರಟ. ಅಪ್ಪ ಅಮ್ಮ ಮುಂದಿನ ಸಲ ಬಂದರಾಯಿತು ಎಂದು ತೀರ್ಮಾನಿಸಿ ಪುಟ್ಟಬಸಮ್ಮನೇ ಜೊತೆಗೆ ಬಂದಳು. ಶ್ವೇತ ಕಾಫಿ ತಂದಳು, ಲೋಟ ಕೊಡುವಾಗ ಸಣ್ಣಗೆ ನಕ್ಕಳು. ಮದುವೆ ಅಂತ ಆದರೆ ಇವಳನ್ನೇ ಎಂದು ನಂಜೇಶ ಅಲ್ಲೇ ನಿಶ್ಚಯ ಮಾಡಿಕೊಂಡ.

"ಉಪ್ಪಿಟ್ಟು ಆಮೇಲೆ ತಿನ್ನೋರಂತೆ, ಬನ್ನಿ," ಎಂದು ಶಂಭುಲಿಂಗಪ್ಪ ಎದ್ದ.

ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಕಾರಿನ ಎಂಜಿನ್ನು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಪಕ್ಕದಲ್ಲಿ ಮೂರು ಗೇರ್ ಬಾಕ್ಸುಗಳು ಗೋಣಿಚೀಲ ಹೊದ್ದುಕೊಂಡು ಬಿದ್ದಿದ್ದವು.

"ಕ್ಲಚ್ ಇಲ್ಲದ ಗಾಡಿ ಇದು, ಗೇರು ತಾನಾಗೇ ಬೀಳ್ತದೆ," ಎಂದ ಶಂಭುಲಿಂಗಪ್ಪ. "ಹಳೇ ಬಾಕ್ಸು ಸವೆದೋಯ್ತು. ಗುಜರಿಲಿ ಈ ಮೂರನ್ನೂ ತಂದೆ. ಇದ್ರಲ್ಲಿ ಯಾವ್ದು ಈ ಎಂಜಿನ್ನಿಗೆ ಆಗ್ತದೆ ಅಂತ ಒಬ್ರೂ ಹೇಳ್ತಿಲ್ಲ. ನೀವು ಹೇಳಿ."

ನಂಜೇಶ ನೀರು ಕುಡಿದು ಬರುವ ನೆಪದಲ್ಲಿ ಗಿರಣಿಯ ಮೂಲೆಗೆ ಹೋಗಿ, ನಂಜನಗೂಡಿನಲ್ಲಿ ಗ್ಯಾರೇಜು ಇಟ್ಟಿದ್ದ ಗೆಳೆಯ ಮದನನಿಗೆ ಫೋನು ಮಾಡಿ ವಿಷಯ ಹೇಳಿದ.

"ಲೇ, ಹೆಣ್ಣು ನೋಡಕ್ಕೋದೋನು ಗೇರ್ ಬಾಕ್ಸ್ ಯಾಕ್ಲಾ ನೋಡ್ತಿದೀಯ?"

"ಮೊದ್ಲು ಹೇಳ್ಲಾ, ಜೀವನದ ಪ್ರಶ್ನೆ."

"ಬಾಕ್ಸಿನ ಹೊಟ್ಟೆ ಕೆಳಗೆ ಆಯಿಲ್ ತಟ್ಟೆ ಇರ್ತದೆ. ಅದು ಚೌಕವಾಗಿದ್ದು ಒಂದು ಮೂಲೆ ಕತ್ತರಿಸಿದಂಗಿದ್ರೆ ಆಗ್ಬೋದು. ಆದ್ರೆ ಅಷ್ಟಕ್ಕೇ ಹ್ಞೂಂ ಅನ್ಬೇಡ. ಅದೇ ಕಂಪನಿಯ ಬೇರೆ ಕಾರಿಗೂ ಅಂತದೇ ತಟ್ಟೆ. ಎಂಜಿನ್ನಿಗೆ ಕಚ್ಕೊಳ್ಳೋ ಬಾಯಿ ಮಾತ್ರ ಬೇರೆ, ಬೋಲ್ಟ್ ತೂತು ಕೂರಲ್ಲ. ಅಳತೆ ತಗೊಂಡು ನೋಡು."

ನಂಜೇಶ ವಾಪಸು ಬಂದು, ಬಾಕ್ಸುಗಳ ಹೊಟ್ಟೆ ನೋಡಬೇಕು ಎಂದು ಡಾಕ್ಟರ ಗಾಂಭೀರ್ಯದಲ್ಲಿ ಹೇಳಿದ. ಗಿರಣಿಯ ಲಾರಿ ಡ್ರೈವರ್ ಹುಚ್ಚಯ್ಯ ಹಾರೆ ಕೊಟ್ಟು ಒಂದೊಂದನ್ನೇ ಮೀಟಿದ. ನಂಜೇಶ ಪಂಚೆ ಎತ್ತಿಕಟ್ಟಿ, ನೆಲಕ್ಕೆ ಕೆನ್ನೆ ಕೊಟ್ಟು ಇಣುಕಿದ. ಮೊದಲನೆಯದರ ತಟ್ಟೆ ಅಂಕುಡೊಂಕು. ಎರಡನೆಯದು ಮೂಲೆ ಕತ್ತರಿಸಿದ ಚೌಕ. ಮೂರನೆಯದನ್ನು ಮೀಟಿದಾಗ ಒಳಗೆ ಉಳಿದಿದ್ದ ಎಣ್ಣೆಯೆಲ್ಲ ಅವನ ತಲೆಯ ಮೇಲೆ ಸುರಿಯಿತು. ಇಂಥ ಬಾಕ್ಸುಗಳ ಎಣ್ಣೆ ಕೆಂಪಗಿರುತ್ತದೆ ಎಂದು ಮದನ ಹೇಳಿರಲಿಲ್ಲ.

"ಅಯ್ಯೋ, ಗಂಡಿನ ತಲೆ ಒಡ್ದೋಯ್ತಲ್ಲಪ್ಪೋ," ಎಂದು ಪುಟ್ಟಬಸಮ್ಮ ಬೊಬ್ಬೆ ಹಾಕಿ ಬೀದಿಯ ಹೆಂಗಸರನ್ನೆಲ್ಲ ಸೇರಿಸಿದಳು. ಒಬ್ಬಳು ಅರಿಶಿನ ತಂದಳು. ಇನ್ನೊಬ್ಬಳು, ಹುಡುಗ ಉಳೀತಾನಾ ಎಂದು ಅವನನ್ನೇ ಕೇಳಿದಳು.

"ಆಯಿಲು ಕಣಮ್ಮ, ರಕ್ತ ಅಲ್ಲ," ಎಂದು ಹುಚ್ಚಯ್ಯ ಬೆರಳು ಅದ್ದಿ ಮೂಸಿ ತೋರಿಸಿದ.

ಮೂರನೆಯದೂ ಮೂಲೆ ಕತ್ತರಿಸಿದ ಚೌಕವೇ. ಎರಡರಲ್ಲಿ ಒಂದನ್ನು ಆರಿಸಬೇಕು, ಅದಕ್ಕೆ ಅಳತೆ ಬೇಕು. ಹೇಗೆ ತೆಗೆಯುವುದೆಂದು ತಿಳಿಯದೆ ನಂಜೇಶ ಕಣ್ಣಿನ ಎಣ್ಣೆ ಒರೆಸುತ್ತ ನಿಂತಿದ್ದಾಗ, ಊಟಕ್ಕೆ ಕುಯ್ದಿಟ್ಟಿದ್ದ ಅಗಲವಾದ ಬಾಳೆಲೆ ಹಿಡಿದು ಶ್ವೇತ ಬಂದಳು.

"ಎಂಜಿನ್ನಿನ ಹಿಂಬದಿಗೆ ಒತ್ತಿ, ತೂತಿರೋ ಕಡೆ ಬೆರಳಲ್ಲಿ ಚುಚ್ಚಿ," ಎಂದು ಮೆಲ್ಲಗೆ ಹೇಳಿದಳು. "ಅಪ್ಪ ಒಪ್ಪಿದ್ರೆ ಸಾಕು. ನಂದೇನೂ ತಕರಾರಿಲ್ಲ."

ಇಷ್ಟು ಕೇಳಿದ ಮೇಲೆ ನಂಜೇಶ ಆ ಬಾಕ್ಸನ್ನು ಹಲ್ಲಿನಲ್ಲಿ ಕಚ್ಚಿ ಎತ್ತು ಎಂದರೂ ಎತ್ತುತ್ತಿದ್ದ. ಎಲೆ ಒತ್ತಿ ಒಂದೊಂದೇ ತೂತು ಚುಚ್ಚಿದ. ಅದನ್ನು ಎರಡನೆಯ ಬಾಕ್ಸಿನ ಬಾಯಿಗೆ ಇಟ್ಟರೆ ಮೇಲಿನ ತೂತುಗಳು ಹೊಂದಲಿಲ್ಲ. ಮೂರನೆಯದಕ್ಕೆ ಇಟ್ಟ. ಎಲ್ಲ ತೂತುಗಳೂ ಸರಿಯಾಗಿ ಕೂತವು. ಹುಚ್ಚಯ್ಯ ಚೈನು ಪುಲ್ಲಿಯಲ್ಲಿ ಬಾಕ್ಸನ್ನು ಎತ್ತಿ ಎಂಜಿನ್ನಿಗೆ ಸೇರಿಸಿ ಬೋಲ್ಟು ಹಾಕಿದ.

"ಕಚ್ಕೊತು ಸಾ," ಎಂದ.

ಶಂಭುಲಿಂಗಪ್ಪನ ಕಣ್ಣಲ್ಲಿ ನೀರು ಬಂತು. ಅವನು ಪುಟ್ಟಬಸಮ್ಮನನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಂಜೇಶ ಜಗಲಿಯ ಮೇಲೆ ಕೂತು ಉಪ್ಪಿಟ್ಟು ತಿಂದ. ಅಷ್ಟು ರುಚಿಯಾದ ಉಪ್ಪಿಟ್ಟನ್ನು ಅವನು ಜನ್ಮದಲ್ಲಿ ತಿಂದಿರಲಿಲ್ಲ.

ಶಂಭುಲಿಂಗಪ್ಪ ಹೊರಗೆ ಬಂದು ಅವನ ಕೈ ಹಿಡಿದುಕೊಂಡ. "ನಿಮ್ಮಂತೋರನ್ನ ಕಳ್ಕೊಳ್ಳಕ್ಕೆ ನಂಗಿಷ್ಟ ಇಲ್ಲ. ಅದಕ್ಕೇ ಮಗಳನ್ನ ನಿಮಗೆ ಕೊಡಲ್ಲ."

ನಂಜೇಶ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ.

"ಯೋಚ್ನೆ ಮಾಡಿ. ಅಳಿಯ ಅಂದ್ರೆ ಕಾಲು ತೊಳೆದು ಮಣೆ ಮೇಲೆ ಕೂರಿಸ್ಬೇಕು. ಅಳಿಯನ್ನ ಕಾರಿನಡಿ ಮಲಗಿಸಿದ್ರೆ ಊರೋರು ಮುಖಕ್ಕೆ ಉಗೀತಾರೆ. ಅಳಿಯ ಎಲ್ಲಿ ಬೇಕಾದ್ರೂ ಸಿಕ್ತಾನೆ. ಕವಲಂದೇಲಿ ಒಬ್ಬ ಮೇಷ್ಟ್ರಿದಾನೆ, ಸ್ಪ್ಯಾನರು ಯಾವ್ದು ಸೌಟು ಯಾವ್ದು ಗೊತ್ತಿಲ್ಲ. ಅವನಿಗೇ ಕೊಡ್ತೀನಿ. ನೀವು ಭಾನುವಾರ ಭಾನುವಾರ ಬಂದ್ಬಿಡಿ."

"ನಾನು ಮೆಕ್ಯಾನಿಕ್ ಅಲ್ಲ ಯಜಮಾನ್ರೆ. ನಂಗೆ ಕಾರಿನ ವಿಷಯ ಏನೂ ಗೊತ್ತಿಲ್ಲ," ಎಂದು ನಂಜೇಶ ಕೊನೆಗೂ ನಿಜ ಹೇಳಿದ.

"ವಿದ್ಯೆ ಇರೋರು ಇಂಗೇ ಅನ್ನೋದು," ಎಂದಳು ಪುಟ್ಟಬಸಮ್ಮ ಹೆಮ್ಮೆಯಿಂದ. "ಇನ್ನು ಇಲ್ಲ ಅನ್ನಂಗಿಲ್ಲ ಕಣಪ್ಪ. ಭಾನುವಾರದ ಕೆಲ್ಸಕ್ಕೆ ನಿನ್ನ ಪರವಾಗಿ ನಾನಾಗ್ಲೇ ತಾಂಬೂಲ ಈಸ್ಕೊಂಡಾಯ್ತು."

ಶಂಭುಲಿಂಗಪ್ಪ ಶೆಡ್ಡಿನ ಕಡೆ ಪ್ರೀತಿಯಿಂದ ನೋಡಿದ. "ಲಗ್ನದೊಳಗೆ ಗಾಡಿ ಓಡ್ಬೇಕು ನಂಜೇಶಪ್ಪ. ಹೆಣ್ಣುಗಂಡಿನ ಮೆರವಣಿಗೆ ಇದ್ರಲ್ಲೇ. ಆ ಮೇಷ್ಟ್ರಿಗೆ ಗಾಡಿ ಓಡ್ಸಕ್ಕೂ ಬರಲ್ಲ, ಸ್ಟೇರಿಂಗು ನೀವೇ ಹಿಡ್ಕೊಳ್ಳಿ."