ಯೋಗಕ್ಕೆ ಹೊರಟ ಕೌದಿ

ದಿನಾಲೂ ತಪ್ಪದೆ ಒಂದು ಕೆಲಸ ಮಾಡುವುದರಲ್ಲಿ ಬಂಕಾಪುರದಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನಮ್ಮೂರ ಯೋಗ ಕೇಂದ್ರಕ್ಕೆಂದು ನಾಲ್ಕು ತಿಂಗಳು, ಮಳೆಯಿರಲಿ ಚಳಿಯಿರಲಿ, ಬೆಳಗಿನ ಐದೂವರೆಗೆ ಬಗಲಲ್ಲಿ ಕೌದಿ ಇಟ್ಟುಕೊಂಡು ಮನೆ ಬಿಟ್ಟಿದ್ದೇನೆ. ಮನೆ ಬಿಡುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಕೇಂದ್ರ ಮುಟ್ಟಿದ್ದು ಮಾತ್ರ ಮೊದಲ ಮೂರು ದಿನ.

ಇದಕ್ಕೆಲ್ಲ ಮೂಲ ನಮ್ಮ ಅಕ್ಕನ ಮೊಣಕಾಲು. ಅಕ್ಕ ಪಕ್ಕದ ಮನೆಯಲ್ಲೇ ಇರುತ್ತಾಳೆ. ಓಣಿಯವರ ಹಳೆಯ ಸೀರೆ, ಧೋತರ ಕೂಡಿಸಿ ಕೌದಿ ಹೊಲಿಯುವುದು ಅವಳ ಕೆಲಸ. ಅದನ್ನು ನೆಲದ ಮೇಲೆ ಹರವಿ, ಅದರ ಮೇಲೆಯೇ ಕಾಲು ಮಡಚಿ ಕುಳಿತು ಹೊಲಿಯಬೇಕು. ಹೋದ ವರ್ಷ ಅವಳಿಗೆ ನೆಲಕ್ಕೆ ಕೂರಲಾಗದಂತಾಯಿತು. ಡಾಕ್ಟರು ಯೋಗ ಮಾಡಿರೆಂದರು. ‘ಈ ವಯಸ್ಸಿನ್ಯಾಗ ಸೀರಿ ಉಟ್ಕೊಂಡು ಕಾಲ ಎತ್ತೂದಾ? ನಾ ಒಲ್ಲೆ’ ಎಂದಳು ಅಕ್ಕ. ನಾನು ಹಿಟ್ಟಿನ ಗಿರಣಿಯವನು, ದನಿ ದೊಡ್ಡದು. ‘ನಾನೂ ಬರ್ತೇನಿ ನಡಿ ಅಕ್ಕಾ, ಅದೇನ ಮಹಾ’ ಎಂದುಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿ, ‘ನೀ ಬಿಟ್ಟ ದಿನಾನ ನಾನೂ ಬಿಡ್ತೇನಿ, ನೋಡ್ಕೊ’ ಎಂದು ಷರತ್ತು ಹಾಕಿದಳು. ಅಂಗಡಿಯ ಚಾಪೆ ಜಾರುತ್ತದೆಂದು, ಮಂಚದ ಮೇಲೆ ಕಾಲು ಚಾಚಿಕೊಂಡೇ, ನರಳುತ್ತ, ಇಬ್ಬರಿಗೂ ಒಂದೊಂದು ಕೌದಿ ಹೊಲಿದಳು.

ಗಂಡಸರ ಪಾಳಿ ಮೊದಲು, ಹೆಂಗಸರದು ಒಂದು ತಾಸು ತಡವಾಗಿ. ನನ್ನನ್ನು ಕೆಡಿಸಿದ್ದು ಆ ಒಂದು ತಾಸು; ಆಗ ನಾನೆಲ್ಲಿರುತ್ತೇನೆಂದು ಅಕ್ಕ ನೋಡುವಂತಿರಲಿಲ್ಲ. ಮೂರನೆಯ ದಿನ ಗುರುಗಳು ಬಾಗಿ ಕಾಲ್ಬೆರಳು ಮುಟ್ಟಿರೆಂದರು. ನಾನೂ ನನ್ನ ಕಾಲ್ಬೆರಳೂ ಭೇಟಿಯಾಗಿ ಬಹಳ ವರ್ಷಗಳಾಗಿದ್ದವು. ನಡುವೆ ಹೊಟ್ಟೆ ಬಂದಿತ್ತು. ನಾಲ್ಕನೆಯ ದಿನ ಹೋಗುವ ದಾರಿಯಲ್ಲಿ, ಬಸ್ ಸ್ಟ್ಯಾಂಡಿನ ಮೂಲೆಯ ಗಾಡಿಯಲ್ಲಿ ಮಿರ್ಚಿ ಭಜಿ ಎಣ್ಣೆಗೆ ಬಿದ್ದ ಸಪ್ಪಳ ಕೇಳಿಸಿತು. ಅಲ್ಲಿಯ ಕಟ್ಟೆಯ ಮೇಲೆ ಕೌದಿ ಹಾಸಿ ಕುಳಿತೆ. ಚುರುಮುರಿಗೆ ಉಳ್ಳಾಗಡ್ಡಿ ಕಲಸಿದ ಗಿರ್ಮಿಟ್ಟಿನ ತಟ್ಟೆ ಕೈಗೆ ಬಂದಕೂಡಲೇ, ಮೂರು ದಿನ ಬಾರದಿದ್ದ ಪದ್ಮಾಸನ ತಾನಾಗಿ ಬಂತು.

ಇದು ನನ್ನ ಹಳೆಯ ಚಾಳಿ. ಚಿಕ್ಕವನಿದ್ದಾಗ ಅಕ್ಕ ನನ್ನ ಕೈ ಹಿಡಿದು ಶಾಲೆಯ ಬಾಗಿಲಲ್ಲಿ ಬಿಟ್ಟು, ಅವ್ವನ ಜೊತೆ ಹೊಲಕ್ಕೆ ಹೋಗುತ್ತಿದ್ದಳು. ನಾನು ಹಿಂದಿನ ಕಿಟಕಿ ಹಾರಿ, ಕೋಟೆಯ ಕಡೆ ನವಿಲು ನೋಡಲು ಹೋಗುತ್ತಿದ್ದೆ. ನಾಲ್ಕನೆಯ ಇಯತ್ತೆಗೆ ನನ್ನ ಓದು ಮುಗಿಯಿತು. ಅವಳಿಗೆ ಆ ನಾಲ್ಕೂ ಸಿಗಲಿಲ್ಲ. ಇದು ನೆನಪಾದಾಗಲೆಲ್ಲ ಮಿರ್ಚಿ ಕೊಂಚ ಖಾರ ಎನಿಸುತ್ತಿತ್ತು. ಆದರೂ ಇನ್ನೊಂದು ಹಾಕಿಸಿಕೊಳ್ಳುತ್ತಿದ್ದೆ.

ಅತ್ತ ಅಕ್ಕ ನೆಲಕ್ಕೆ ಕೂರತೊಡಗಿದಳು. ಮತ್ತೆ ಕೌದಿ ಹರವಿದಳು. ನನ್ನ ಸುಳ್ಳು ಬಯಲಾದರೆ ಅವಳು ಯೋಗ ಬಿಟ್ಟು ಮತ್ತೆ ಮಂಚ ಹಿಡಿಯುತ್ತಾಳೆಂಬ ಹೆದರಿಕೆಯಿಂದ, ನಾನು ಗಾಡಿಗೆ ಇನ್ನಷ್ಟು ನಿಷ್ಠೆಯಿಂದ ಹೋದೆ.

ಮೊನ್ನೆ ಅಮಾವಾಸ್ಯೆಯ ಮುಂದೆ ಅಕ್ಕ ಒಗೆಯಲೆಂದು ಎರಡೂ ಕೌದಿ ಝಾಡಿಸಿದಳು. ಅವಳದರಿಂದ ಧೂಳು ಬಿತ್ತು. ನನ್ನದರಿಂದ ಚುರುಮುರಿ, ಉಳ್ಳಾಗಡ್ಡಿ ಚೂರು, ಒಂದು ಮೆಣಸಿನಕಾಯಿಯ ತೊಟ್ಟು.

‘ಯೋಗದಾಗ ಗಿರ್ಮಿಟ್ ಕೊಡ್ತಾರೇನೋ ತಮ್ಮಾ?’

‘ತಪ್ಪಾತು ಅಕ್ಕಾ. ನೀ ಮಾತ್ರ ಬಿಡಬ್ಯಾಡ.’

‘ನಾ ಯಾಕ ಬಿಡ್ಲಿ? ಮೊದಲನೇ ಸಲ ಒಗಿಯೂವಾಗನ ಗೊತ್ತಾಗಿತ್ತು ನನಗ.’

‘ಮತ್ತ ಸುಮ್ನ ಯಾಕಿದ್ದಿ?’

‘ಬೈದ್ರ ಮನ್ಯಾಗ ಮಕ್ಕೋತಿದ್ದಿ. ಗಾಡಿತನಕರ ನಡಕೋತ ಹೊಕ್ಕಾನಲ್ಲ ಅಂತ ಸುಮ್ನಿದ್ದೆ.’ ಕೌದಿಯನ್ನು ನೀರಿಗೆ ಅದ್ದುತ್ತ ಮುಂದುವರಿಸಿದಳು. ‘ಸಾಲಿಗೂ ಹಿಂಗ ಮಾಡಿದ್ದಿ. ಬಾಗಲದಾಗ ಬಿಟ್ಟು ಹ್ವಾದದ್ದು ನಂದ ತಪ್ಪು. ನಾಳಿಂದ ಬಾಗಲದಾಗ ಕುಂದರ್ತೇನಿ.’

ಅಂದಂತೆಯೇ ಕೂರುತ್ತಿದ್ದಾಳೆ. ಒಂದು ತಾಸು ಮೊದಲೇ ನನ್ನ ಜೊತೆ ಬಂದು, ಕೇಂದ್ರದ ಹೊಸ್ತಿಲಿಗೆ ಅಡ್ಡವಾಗಿ ನೆಲದ ಮೇಲೆ ಕಾಲು ಮಡಚಿ, ಕೌದಿ ಹೊಲಿಯುತ್ತ. ಒಳಗೆ ನಾನು ಬಾಗುತ್ತೇನೆ, ಆದಷ್ಟು. ಕೇಂದ್ರವಿರುವುದು ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಹಿಂದೊಂದು ಕಿಟಕಿಯಿದೆ, ಸರಳುಗಳಿಲ್ಲ. ಅಲ್ಲಿಂದ ಪಕ್ಕದ ಕಟ್ಟಡದ ಮಾಳಿಗೆಗೆ ಒಂದೇ ಹೆಜ್ಜೆ. ಅಕ್ಕ ಬಾಗಿಲಲ್ಲಿ ಕುಳಿತ ಮೊದಲ ದಿನವೇ ಅಳತೆ ಮಾಡಿ ನೋಡಿದೆ. ಕಾಲು ಅಷ್ಟು ಎತ್ತರಕ್ಕೆ ಏಳಲಿಲ್ಲ. ಆರು ತಿಂಗಳು ಬಿಡದೆ ಮಾಡಿದರೆ ಎದ್ದೀತು ಎಂದು ಗುರುಗಳು ಧೈರ್ಯ ಹೇಳಿದ್ದಾರೆ. ಏಕೆ ಕೇಳಿದೆನೆಂದು ಅವರಿಗೆ ಹೇಳಿಲ್ಲ. ಈಗಂತೂ ಒಂದು ದಿನವೂ ತಪ್ಪಿಸುತ್ತಿಲ್ಲ.