ಗಿರಿಧರನ ಹೋಮ್ ಡೆಲಿವರಿ

ಇಂಗ್ಲಿಷ್ ಭಾಷೆಯ ಮೇಲೆ ಗಿರಿಧರನಿಗೆ ಮೊದಲು ಯಾವ ದ್ವೇಷವೂ ಇರಲಿಲ್ಲ. ಅಂಕೋಲೆ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಕಿರಾಣಿ ಅಂಗಡಿ ನಡೆಸಿದವನಿಗೆ ಸ್ಟಾಕು, ರೇಟು, ಪ್ಯಾಕೆಟ್ಟು ಇಷ್ಟು ಬಂದರೆ ಆ ಭಾಷೆಯ ಮುಕ್ಕಾಲು ಪಾಲು ಬಂದ ಹಾಗೆ. ಉಳಿದ ಕಾಲು ಪಾಲಿನಲ್ಲಿ ಹೊಂಚು ಹಾಕಿ ಕೂತು ಅವನನ್ನು ಕೆಡವಿದ್ದು ‘ಡೆಲಿವರಿ’ ಎಂಬ ಒಂದೇ ಒಂದು ಶಬ್ದ.

ಅದು ಎರಡು ಸಾವಿರದ ಮೂರನೇ ಇಸವಿ. ಬಸ್‌ಸ್ಟ್ಯಾಂಡಿನ ಹತ್ತಿರ ಗಾಜಿನ ಬಾಗಿಲಿನ ಹೊಸ ಅಂಗಡಿಯೊಂದು ತೆರೆದಿತ್ತು. ಜನ ಅಲ್ಲಿ ತೊಗರಿಬೇಳೆಯನ್ನು ತಾವೇ ಬುಟ್ಟಿಗೆ ಹಾಕಿಕೊಂಡು, ಅದನ್ನೇ ಒಂದು ಭಾಗ್ಯವೆಂದು ತಿಳಿಯತೊಡಗಿದ್ದರು. (ಗಿರಿಧರನ ಅಂಗಡಿಯಲ್ಲಿ ಗಿರಾಕಿ ಒಂದು ಕಾಳು ಮುಟ್ಟಿದರೂ ಅವನು ಗುರುಗುಟ್ಟುತ್ತಿದ್ದ. ಅದು ಬೇರೆ ವಿಚಾರ.) ಹುಬ್ಬಳ್ಳಿಗೆ ಮಾಲು ತರಲು ಹೋದಾಗ ಕಂಡ ಬೋರ್ಡೊಂದು ಅವನ ತಲೆ ಹೊಕ್ಕಿತು. ಬಂದವನೇ ಪೇಂಟರನನ್ನು ಕರೆಸಿ, ಅಂಗಡಿಯ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದ: ‘ಹೋಮ್ ಡೆಲಿವರಿ ಫ್ರೀ’.

ಮನೆ ಅಂಗಡಿಯ ಹಿಂದೆಯೇ. ಊಟಕ್ಕೆ ಕರೆಯಲು ಬಂದ ಹೆಂಡತಿ ಮಂದಾಕಿನಿ ಬೋರ್ಡಿನ ಕೆಳಗೆ ನಿಂತು ಎರಡು ಸಲ ಓದಿದಳು.

“ಇದೆಂತದು ಬರ್ಸಿದ್ದು ನೀವು?”

“ಸಾಮಾನು ನಾವೇ ಮನೆಗೆ ಮುಟ್ಟಿಸೂದು. ಪುಕ್ಕಟೆ.”

“ಹಾಗೇ ಬರ್ಸೂಕೆ ಎಂತಾಗಿತ್ತು? ಮಗಳು ತುಂಬಿದ ಬಸುರಿ. ಈಗ ಬಾಗ್ಲ ಮೇಲೆ ಡೆಲಿವರಿ ಅಂತ ಬರ್ಸಿ ಕೂತ್ರೆ ಜನ ಎಂತ ತಿಳ್ಕಳೂದು?”

“ಜನಕ್ಕೆ ಬುದ್ಧಿ ಇದೆ.”

“ಇದ್ದವ್ರೆಲ್ಲ ಆಗ್ಲೇ ಆ ಗಾಜಿನ ಅಂಗಡಿಗೆ ಹೋದ್ರು,” ಎಂದು ಮಂದಾಕಿನಿ ಒಳಗೆ ಹೋದಳು.

ಮಗಳು ನಾಗಶ್ರೀಯನ್ನು ಕೊಟ್ಟದ್ದು ಕಾರವಾರದ ಕೋಡಿಬಾಗಕ್ಕೆ. ಅಳಿಯ ಭರತ ಸಾಧು ಪ್ರಾಣಿ. ಅಳಿಯನ ಅಪ್ಪ ಬಾಬು ಮಾಸ್ತರರು ಮಾತ್ರ ನಿವೃತ್ತರಾದ ಮೇಲೂ ಎದುರಿಗೆ ಕಂಡವರನ್ನೆಲ್ಲ ಏಳನೇ ಇಯತ್ತೆಯ ಹುಡುಗರೆಂದೇ ತಿಳಿದ ಮನುಷ್ಯ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ಪದ್ಧತಿ. ದೊಡ್ಡ ಆಸ್ಪತ್ರೆ ಇರುವುದು ಕಾರವಾರದಲ್ಲಿ ಎಂಬುದು ಮಾಸ್ತರರ ವಾದ. ಕಡೆಗೆ ಹೆರಿಗೆ ಅಲ್ಲಿ, ಬಾಣಂತನ ಇಲ್ಲಿ ಎಂದು ಮಂದಾಕಿನಿ ರಾಜಿ ಸೂತ್ರ ಮುಂದಿಟ್ಟಳು. ಮಾಸ್ತರರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ನೋಡುವಾ,” ಎಂದರು. ಆ ಒಂದು ‘ನೋಡುವಾ’ದ ಮೇಲೆ ಮಂದಾಕಿನಿ ಎರಡು ತಿಂಗಳಿಂದ ಬದುಕಿದ್ದಳು. ಬಾಣಂತಿ ಮದ್ದಿಗೆಂದು ಬೇರು, ನಾರು, ತೊಗಟೆ ಎಲ್ಲ ಒಣಗಿಸಿ ಡಬ್ಬಿ ತುಂಬಿಸಿದ್ದಳು.

“ಮಾಸ್ತರರ ಹತ್ರ ಮಾತಾಡುವಾಗ ನಾಲಿಗೆ ತೊಳ್ಕಂಡು ಮಾತಾಡಿ,” ಎಂದು ಗಂಡನಿಗೆ ದಿನಕ್ಕೆರಡು ಸಲ ಹೇಳುತ್ತಿದ್ದಳು. “ಅವ್ರ ಮನಸ್ಸು ಮುರೀತೋ, ನನ್ನ ಮಗಳು ನನ್ನ ಕೈಲಿ ಬಾಣಂತಿ ನೀರು ಹೊಯ್ಸಿಕೊಳ್ಳೂದಿಲ್ಲ.”

ಇತ್ತ ಬೋರ್ಡಿನ ಮೊದಲ ಗಿರಾಕಿ ಬೊಬ್ರುವಾಡದ ಈರಮ್ಮ. ಅವಳಿಗೆ ಓದು ಬಾರದು. ಶಾಲೆಗೆ ಹೋಗುವ ಮೊಮ್ಮಗಳು ಓದಿ ಹೇಳಿದ್ದಳು.

“ಒಡ್ಯಾ, ಮನೀಗೇ ಬರೂದಂತಲ, ಯಾರ್ ಬರೂದು? ನೀವೋ, ಅಮ್ಮನೋ?”

“ನಾನೇ ಬರೂದು,” ಎಂದ ಗಿರಿಧರ ಹೆಮ್ಮೆಯಿಂದ.

ಈರಮ್ಮ ಗಲ್ಲಕ್ಕೆ ಕೈ ಹಚ್ಚಿದಳು. “ಗಂಡಸ್ರು ಮಾಡೂ ಕೆಲ್ಸವಾ ಅದು?”

“ಗಂಡಸ್ರೇ ಮಾಡೂದು. ಅಷ್ಟು ಭಾರ ಹೆಂಗಸ್ರ ಕೈಲಿ ತಡೀತದಾ?”

“ಎಷ್ಟ್ ಹೊತ್ತು ಬೇಕು?”

“ಐದು ನಿಮಿಷ. ಬಾಗಿಲಲ್ಲಿ ಇಳಿಸೂದು, ಬರೂದು.”

“ನನ್ ಸೊಸೀಗೆ ಹೋದ್ ಸಲ ಎರಡು ದಿನ ಹಿಡೀತು ಒಡ್ಯಾ,” ಎಂದಳು ಈರಮ್ಮ ಭಕ್ತಿಯಿಂದ.

ಅಲ್ಲಿಗೆ ಗಿರಿಧರನಿಗೆ ವಿಷಯ ಹೊಳೆಯಿತು. ತಕ್ಕಡಿ ಬದಿಗಿಟ್ಟು ಶಬ್ದಾರ್ಥ ಪ್ರವಚನಕ್ಕೆ ಕೂತ. ಸಾಮಾನು ಮುಟ್ಟಿಸುವುದೂ ಡೆಲಿವರಿಯೇ. ಕ್ರಿಕೆಟ್ಟಿನಲ್ಲಿ ಬೌಲರ್ ಎಸೆಯುವ ಚೆಂಡೂ ಡೆಲಿವರಿ. ಪುಢಾರಿ ಭಾಷಣ ಹೊಡೆಯುವ ಠೀವಿಗೂ ಡೆಲಿವರಿ ಎನ್ನುತ್ತಾರೆ.

ಈರಮ್ಮ ಎಲ್ಲ ಕೇಳಿಸಿಕೊಂಡಳು. “ಅಂದ್ರೆ ಹೆರೂದೊಂದು ಬಿಟ್ಟು ಉಳದ್ದೆಲ್ಲ ಗಂಡಸ್ರ ಡೆಲಿವರಿ. ಅದ್ಕೇ ಐದು ನಿಮಿಷಕ್ಕೆ ಮುಗೀತದೆ,” ಎಂದು ಒಂದು ಬೆಂಕಿಪೊಟ್ಟಣ ಕೊಂಡು ಹೋದಳು.

ಆಮೇಲೆ ಮೂರು ದಿನ ಇದೇ ಗೋಳು. ಗಿರಿಧರ ಮತ್ತೆ ಪೇಂಟರನನ್ನು ಕರೆಸಿ, “ಸಾಮಾನು ಅಂತ ಸೇರ್ಸು ಮಾರಾಯಾ,” ಎಂದ. ಸಾಲಿನ ಮೊದಲಿಗೆ ಜಾಗವಿಲ್ಲವೆಂದು ಆ ಮಹಾನುಭಾವ ಅದನ್ನು ಕೊನೆಗೆ ತುರುಕಿದ. ಬೋರ್ಡು ಹೀಗಾಯಿತು: ‘ಹೋಮ್ ಡೆಲಿವರಿ ಫ್ರೀ ಸಾಮಾನು’.

ಮರುದಿನ ಈರಮ್ಮ ಹಾಜರು.

“ಒಡ್ಯಾ, ಮನೀಲೇ ಹೆತ್ರೆ ಸಾಮಾನು ಪುಕ್ಕಟೆ ಅಂತಲ. ನಮ್ಮ ಕೇರಿ ಸುಬ್ಬಿ ಸೋಮವಾರ ಮನೀಲೇ ಹೆತ್ತಳು. ಆಸ್ಪತ್ರಿ ಬದಿ ತಲೆ ಹಾಕಲಿಲ್ಲ, ಬೇಕಾರೆ ಕೇರಿಯವರ್ನ ಕೇಳಿ. ಬೆಲ್ಲ, ತುಪ್ಪ, ಕಾಳುಮೆಣಸು ಕೊಡಿ.”

ಗಿರಿಧರ ಬಾಯಿ ತೆರೆಯುವ ಮೊದಲೇ ಮಂದಾಕಿನಿ ಹಿಂದಿನಿಂದ ಬಂದು ಮೂರನ್ನೂ ಕಟ್ಟಿಕೊಟ್ಟಳು. “ಬಾಣಂತಿ ಹೆಸ್ರಲ್ಲಿ ಬಂದವ್ರನ್ನ ಬರಿಗೈಲಿ ಕಳ್ಸೂಕಿಲ್ಲ. ನಮ್ಮದೂ ಒಂದು ಜೀವ ಅಲ್ಲಿ ಕೂತದೆ.”

ಗಿರಿಧರನ ಸಹನೆ ಅಲ್ಲಿಗೆ ಖಾಲಿ. ತಕ್ಕಡಿಯ ತಟ್ಟೆ ಕುಟ್ಟಿ ಸಾರಿದ: “ಕೇಳು. ಇವತ್ತಿಂದ ಈ ಅಂಗಡೀಲಿ ಡೆಲಿವರಿ ಅಂದ್ರೆ ಸಾಮಾನು. ಯಾರೇ ಹೇಳ್ಲಿ, ನನ್ನ ಕಿವಿಗೆ ಸಾಮಾನು ಅಂತಲೇ ಕೇಳೂದು.”

ಭೀಷ್ಮ ಪ್ರತಿಜ್ಞೆಯಷ್ಟೇ ಕಟ್ಟುನಿಟ್ಟಾಗಿ ಅದನ್ನು ನಡೆಸಿದ. ಆ ವಾರ ಅವನು ಕಾರವಾರದ ಒಬ್ಬ ವ್ಯಾಪಾರಿಗೆ ಮೂರು ಕಿಲೋ ಏಲಕ್ಕಿ ಹೇಳಿದ್ದ. ಹಿಂದಿನ ಸಲ ಆ ಪುಣ್ಯಾತ್ಮ ತೂಕದಲ್ಲೂ ಬಣ್ಣದಲ್ಲೂ ಮೋಸ ಮಾಡಿದ್ದರಿಂದ, ಈ ಸಲ ಜಾಡಿಸಲು ಮಾತುಗಳನ್ನು ಮಸೆದಿಟ್ಟುಕೊಂಡಿದ್ದ. ಮಗಳ ಹೆರಿಗೆಗೆ ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹನ್ನೆರಡು ದಿನವಿತ್ತು.

ಬುಧವಾರ ಹನ್ನೊಂದು ಗಂಟೆಗೆ ಫೋನು ಬಂತು. ಹಿಂದೆ ಬಸ್ಸಿನ ಹಾರ್ನು, ಗದ್ದಲ.

“ಹಲೋ, ಕಾರವಾರದಿಂದ. ಡೆಲಿವರಿ ಆಯ್ತು. ಎರಡು ಕಿಲೋ ಎಂಟ್ನೂರು.”

(ಎಸ್‌ಟಿಡಿ ಬೂತಿನ ಮೀಟರು ನೋಡುತ್ತ ಮಾತಾಡುವವರು ಹೆಸರು, ಕುಶಲ ಎಂದು ಕಾಲಹರಣ ಮಾಡುವುದಿಲ್ಲ. ಬಾಬು ಮಾಸ್ತರರಂತೂ ತಂತಿ ಕಳಿಸಿದ ಹಾಗೆ ಮಾತಾಡುವವರು.)

“ಮೂರಲ್ವಾ ನಾವು ಹೇಳಿದ್ದು?” ಎಂದ ಗಿರಿಧರ. “ಇನ್ನೂರು ಗ್ರಾಂ ಎಲ್ಲಿ ಹೋಯ್ತು?”

“ಅದು... ನಮ್ಮ ಕೈಲಿ ಇರೂದಾ?”

“ನಿಮ್ಮ ಕೈಲಲ್ದೇ ಮತ್ಯಾರ ಕೈಲಿ? ಬಣ್ಣ ಹೇಗದೆ? ಹಸಿರು ಇದ್ಯಾ?”

“ಹಸಿರಾ? ಕೆಂಪಗದೆ.”

“ಕೆಂಪಾದ್ರೆ ನಮಗೆ ಬೇಡ. ಹೋದ ಸಲವೂ ನೀವು ಹೀಗೇ ಮಾಡಿದ್ದು. ನಿಮ್ಮಲ್ಲೇ ಇಟ್ಕಳಿ. ನಮ್ಮ ಮನೆ ಬಾಗ್ಲಿಗೆ ಮಾತ್ರ ಕಳ್ಸಬೇಡಿ, ಹೇಳ್ದೆ.”

ಫೋನು ಕುಕ್ಕಿದ. ಒಬ್ಬ ಮೋಸಗಾರನನ್ನು ದಾರಿಗೆ ತಂದ ತೃಪ್ತಿಯಲ್ಲಿ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡ.

ಒಂದು ತಾಸಿನ ಮೇಲೆ ಮತ್ತೆ ಫೋನು. ಈ ಸಲ ಮಂದಾಕಿನಿ ಎತ್ತಿದಳು. ಆಚೆ ಅಳಿಯ ಭರತ. ಮೊದಲು ಅವಳ ಮುಖ ಅರಳಿತು. ಆಮೇಲೆ ಗಂಡನತ್ತ ತಿರುಗಿತು. ಆಮೇಲೆ, ಆ ಮುಖವನ್ನು ವರ್ಣಿಸದಿರುವುದೇ ಲೇಸು.

“ಮೊಮ್ಮಗಳು ಹುಟ್ಟಿದಾಳೆ,” ಎಂದಳು ಫೋನಿಟ್ಟು.

“ಹೌದಾ? ಯಾವಾಗ?”

“ನಿಮಗೆ ಗೊತ್ತಿಲ್ವಾ? ಮಾಸ್ತರರು ಫೋನ್ ಮಾಡಿದ್ರಂತಲ. ಇನ್ನೂರು ಗ್ರಾಂ ಕಮ್ಮಿ ಅಂದ್ರಂತೆ ನೀವು. ಹಸಿರು ಇಲ್ದಿದ್ರೆ ಬೇಡ ಅಂದ್ರಂತೆ. ಹೆಣ್ಣು ಅಂತ ಹೇಳೂಕೂ ಬಿಡ್ಲಿಲ್ವಂತೆ. ಬಾಣಂತಿನ ಅಂಕೋಲೆಗೆ ಕಳ್ಸೂ ಮಾತೇ ಇಲ್ಲ ಅಂತ ಅವ್ರು ಆಸ್ಪತ್ರೆ ಬೆಂಚಿನ ಮೇಲೆ ಕೂತಿದಾರಂತೆ.”

ಒಂದು ತಾಸಿನ ಹಿಂದೆ ತಿಂದ ಬೆಲ್ಲ ಗಿರಿಧರನ ಬಾಯಲ್ಲಿ ಈಗ ಬೇವಾಯಿತು. ಕಾರವಾರದ ಬಸ್ಸಿನಲ್ಲಿ ಮಂದಾಕಿನಿ ಕಿಟಕಿಯಾಚೆ ನೋಡುತ್ತಲೇ ಕೂತಿದ್ದಳು. ಇಳಿಯುವಾಗ ಒಂದೇ ಮಾತು: “ಒಳಗೆ ಹೋದ ಮೇಲೆ ತಪ್ಪಾಯ್ತು ಅನ್ನಿ. ಅದು ಬಿಟ್ಟು ಇನ್ನೊಂದು ಶಬ್ದ ಬೇಡ.”

ಗಿರಿಧರ ಬೆಂಚಿನ ಮುಂದೆ ನಿಂತು ತಪ್ಪಾಯ್ತು ಎಂದ. ಏಲಕ್ಕಿಯ ಕಥೆಯನ್ನೂ ಹೇಳಿದ. ಬಾಬು ಮಾಸ್ತರರು ಕನ್ನಡಕ ಒರೆಸಿ, ಹಾಕಿ, ಮತ್ತೆ ತೆಗೆದರು.

“ಗಿರಿಧರರೇ, ಒಂದು ಶಬ್ದಕ್ಕೆ ಹತ್ತು ಅರ್ಥ ಇರ್ತದೆ. ಸಂದರ್ಭ ನೋಡಿ ಹಚ್ಚಬೇಕು. ಮಕ್ಕಳಿಗೂ ಇದು ಗೊತ್ತಿರ್ತದೆ.”

“ಹೌದು ಮಾಸ್ತರೇ.”

“ಇನ್ನು ಮೇಲೆ ಯೋಚ್ನೆ ಮಾಡಿ ಮಾತಾಡೂದು.”

“ಹೌದು ಮಾಸ್ತರೇ.”

ವಿದ್ಯಾರ್ಥಿಯ ವಿನಯಕ್ಕೆ ಮಾಸ್ತರರು ಕರಗಿದರು. “ಹೋಗ್ಲಿ. ಹನ್ನೊಂದು ದಿನ ಕಳೀಲಿ, ಬಾಣಂತಿನ ಕರ್ಕೊಂಡು ಹೋಗಿ.” ಮಂದಾಕಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಸ್ತರರು ತಾವೇ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಗಿರಿಧರನ ಎರಡು ಕೈಗಳ ಮೇಲೆ ಇಟ್ಟರು.

ಇಪ್ಪತ್ತೆರಡು ವರ್ಷದಲ್ಲಿ ಆ ಕೈಗಳ ಮೇಲೆ ಯಾವುದೂ ತೂಗಿಸಿಕೊಳ್ಳದೆ ಕೂತಿದ್ದಿಲ್ಲ. ಅವು ತಮ್ಮಷ್ಟಕ್ಕೆ ತಾವೇ ಒಮ್ಮೆ ಕೆಳಗಿಳಿದು ಮೇಲೇರಿದವು. ಇನ್ನೊಮ್ಮೆ ಇಳಿದು ಏರಿದವು. ಬಾರದಾನದ, ಅಂದರೆ ಗೋಣಿಚೀಲದ, ತೂಕ ಕಳೆಯದೆ ಮಾಲು ಕೊಡುವವರಿಗೆ ಅಂದು ಅಂದು ಪಳಗಿದ ಬಾಯಿ, ಯಜಮಾನನ ಅಪ್ಪಣೆಗೂ ಕಾಯದೆ ತೆರೆಯಿತು.

“ಎರಡು ಮುಕ್ಕಾಲು. ಬಾರದಾನ ಸಮೇತ ತೂಗಿದ್ದು ಇದು.”

ಮಾಸ್ತರರು ಮುಂದೆ ಬಂದು ಕೂಸನ್ನು ಮೆಲ್ಲಗೆ ಎತ್ತಿಕೊಂಡರು.

“ತೂಕ ಸರಿ ಬರದ ಮಾಲು ಅಂಕೋಲೆಗೆ ಎಂತಕ್ಕೆ? ಬಾಣಂತನ ಕೋಡಿಬಾಗದಲ್ಲೇ ಆಗ್ಲಿ.”

ಗಿರಿಧರ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಚೀಲ ಹೆಗಲಿಂದಿಳಿಸಿ ಬೆಂಚಿನ ಮೇಲಿಟ್ಟಿದ್ದಳು.

“ಹಂಗಾರೆ ನಾನೂ ಇಲ್ಲೇ. ನನ್ನ ಮಗಳಿಗೆ ನಾನೇ ನೀರು ಹೊಯ್ಯೂದು. ನೀವು ಹೋಗಿ, ನಾಳೆ ಆ ಡಬ್ಬಿಗಳನ್ನೂ ತಾಮ್ರದ ಹಂಡೆಯನ್ನೂ ತಂದ್ಕೊಡಿ.”

“ನನ್ನ ಊಟ?”

“ಐದು ನಿಮಿಷದ ಕೆಲ್ಸ. ಇಳಿಸೂದು, ಉಣ್ಣೂದು.”

ಮರುದಿನ ಬೆಳಿಗ್ಗೆ ಗಿರಿಧರ ಕಾರವಾರದ ಬಸ್ಸಿನಲ್ಲಿ ಕೂತಿದ್ದ. ತೊಡೆಯ ಮೇಲೆ ಹಂಡೆ, ಹಂಡೆಯೊಳಗೆ ಡಬ್ಬಿಗಳು, ಬಸ್ಸಿನ ತುಂಬ ಬಜೆ ಬೇರಿನ ಘಾಟು. ಟಿಕೆಟ್ ಹರಿಯಲು ಬಂದ ಕಂಡಕ್ಟರ್ ಹಂಡೆಯೊಳಗೆ ಇಣುಕಿ ಕೇಳಿದ:

“ಏನು ಸಾವ್ಕಾರ್ರೇ, ಡೆಲಿವರಿಯಾ?”

ಯಾವ ಅರ್ಥದಲ್ಲಿ ಕೇಳಿದನೆಂದು ಗಿರಿಧರ ದಾರಿಯ ಅವರ್ಸಾ ಊರು ದಾಟುವವರೆಗೆ ಯೋಚಿಸಿದ. ಕಡೆಗೆ, “ಹೌದು,” ಎಂದು ಹಂಡೆಯನ್ನು ತಬ್ಬಿಕೊಂಡು ಕೂತ.