ಘಾಟಿನ ಪರೀಕ್ಷೆ

ಯಾರದೋ ಕೆಟ್ಟ ಕಣ್ಣು ಬಿದ್ದು ನನ್ನ ಉಸಿರು ನಿಂತೇ ಹೋಗಿತ್ತೆಂಬ ಸುದ್ದಿ ಅಜ್ಜಂಪುರದ ಬಸ್ ನಿಲ್ದಾಣದಿಂದ ರೈಲು ನಿಲ್ದಾಣದವರೆಗೆ ಹಬ್ಬಿದೆ. ಉಸಿರು ಆ ಹಂತಕ್ಕೆ ಬಂದದ್ದು ನಿಜ. ಕಣ್ಣಿನ ಮಾತು ಸುಳ್ಳು. ಅದರ ಸಂಪೂರ್ಣ ಶ್ರೇಯಸ್ಸು ನನಗೊಬ್ಬನಿಗೇ ಸಲ್ಲಬೇಕು.

ಎರಡು ವರ್ಷಗಳಿಂದ ಬೆಳಿಗ್ಗೆ ಸಂಜೆ ಕಂದು ಬಣ್ಣದ ಇನ್‌ಹೇಲರ್ ಎಳೆಯುತ್ತಿದ್ದ ನನಗೆ ಒಮ್ಮೆಯೂ ಆಸ್ತಮಾ ಕೆರಳಿರಲಿಲ್ಲ. ಬಾರದ ಕಾಯಿಲೆಗೆ ಮದ್ದೇಕೆ? ಊಟದ ತಟ್ಟೆಯ ಮುಂದೆ ಕುಳಿತು ನನ್ನ ಶ್ವಾಸಕೋಶಗಳ ಸ್ವಾತಂತ್ರ್ಯವನ್ನು ಘೋಷಿಸಿದೆ.

"ಡಾಕ್ಟ್ರನ್ನ ಒಂದ್ ಮಾತು ಕೇಳಿ," ಎಂದಳು ಹೆಂಡತಿ ಅನುಪಮಾ.

"ಉಸಿರು ನಂದು ಕಣೇ, ಡಾಕ್ಟ್ರುದಲ್ಲ."

"ನಿಂತ್ರೆ ಹೊತ್ಕೊಂಡು ಓಡೋಳು ನಾನಲ್ವಾ?"

ಮೂರು ವಾರ ವಿಜಯಿಯಾಗಿ ಮೆರೆದೆ. ನಾಲ್ಕನೆಯ ವಾರ, ಈರುಳ್ಳಿ ಲಾರಿಗಳ ಧೂಳೆದ್ದಾಗ, ಎದೆಯೊಳಗೆ ಸಿಳ್ಳೆ ಶುರುವಾಯಿತು. ಸೋಲೊಪ್ಪಲಾಗದೆ ಅನುಪಮಾಳೆದುರು ಕೆಮ್ಮನ್ನು ನುಂಗಿದೆ. ಅಮ್ಮ ತೀರ್ಥಮ್ಮನ ಕಿವಿಗೆ ಮಾತ್ರ ಅದು ಬಿತ್ತು.

"ಮದ್ದಿಲ್ದೇ ಚೆನ್ನಾಗಿದೀನಿ ಅಂತ ಬೀದಿಗೆಲ್ಲ ಸಾರ್ಕೊಂಡ್ ಬಂದ್ಯಲ್ಲ, ದೃಷ್ಟಿ ಆಗ್ದೆ ಇರ್ತದಾ?"

ಅನುಪಮಾ ಶಾಲೆಗೆ ಪಾಠ ಮಾಡಲು ಹೋಗಿದ್ದಾಗ ಅಮ್ಮ ನನ್ನನ್ನು ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ಇದೆ: ಅದು ಅವಳ ಪ್ರಯೋಗಾಲಯದ ನಿಯಮ. ಅವಳ ಮೂಗಿಗೆ ಸೆರಗು ಅಡ್ಡವಿದ್ದುದರಿಂದ ತೀರ್ಪು ನಾನೇ ಕೊಡಬೇಕಿತ್ತು.

"ಘಾಟು ಬಂತೇನೋ?"

ಬಂತು ಎನ್ನಲು ನನ್ನಲ್ಲಿ ಉಸಿರಿರಲಿಲ್ಲ. ಕೆಮ್ಮುವುದಕ್ಕೂ ಗಾಳಿ ಬೇಕಷ್ಟೆ.

"ನೋಡ್ದ್ಯಾ, ಒಂದ್ ಕೆಮ್ಮೂ ಇಲ್ಲ. ಭಾರೀ ದೃಷ್ಟಿ ಕಣೋ," ಎಂದು ಅಮ್ಮ ಇನ್ನೊಂದು ಹಿಡಿ ಸುರಿದಳು.

ಅನುಪಮಾ ಬಂದಾಗ ನನ್ನ ತುಟಿ ನೀಲಿಯಾಗಿತ್ತು. ಅವಳು ಬಾಯಿಗಿಟ್ಟ ತುರ್ತಿನ ಇನ್‌ಹೇಲರ್ ಸಾಲಲಿಲ್ಲ. ಆಂಬುಲೆನ್ಸ್ ತರೀಕೆರೆ ಆಸ್ಪತ್ರೆ ತಲುಪುವವರೆಗೂ ಅವಳು ನನ್ನನ್ನು ಹೆಸರು ಹಿಡಿದು ಕೂಗುತ್ತಿದ್ದಳಂತೆ. ಅವಳು ಹಾಗೆ ಕರೆದದ್ದು ಅದೇ ಮೊದಲು. ಕೇಳಲು ನನಗೆ ಎಚ್ಚರವಿರಲಿಲ್ಲ.

ಮೂರನೆಯ ದಿನ ವೈದ್ಯರು ಕೇಳಿದರು: "ಮದ್ದು ಯಾಕ್ರೀ ಬಿಟ್ರಿ?"

"ಚೆನ್ನಾಗಿದ್ದೆ ಸಾರ್."

"ಮದ್ದು ತಗೊಳ್ತಿದ್ರಿ, ಅದಕ್ಕೇ ಚೆನ್ನಾಗಿದ್ರಿ. ಒಳಗಿನ ಊತ ಏಳ್ದಂಗೆ ನೋಡ್ಕೊಳ್ಳೋದೇ ಅದರ ಕೆಲಸ. ಎಂ.ಎ. ಮಾಡಿದೀರಂತೆ?"

ಹೌದೆಂದೆ, ಆದಷ್ಟು ಮೆಲ್ಲಗೆ.

ಈಗ ಕಂದು ಇನ್‌ಹೇಲರ್ ದಿನಕ್ಕೆರಡು ಬಾರಿ ನಡೆಯುತ್ತಿದೆ, ಮೊದಲಿಗಿಂತ ಹೆಚ್ಚಿನ ಪ್ರಮಾಣದಲ್ಲಿ. ಮಹಡಿ ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತೇನೆ. "ಎಳ್ಕೊಂಡ್ಯಾ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಾಳೆ. ನಾನು ಮದ್ದೆಳೆದು ಬಾಯಿ ಮುಕ್ಕಳಿಸುವವರೆಗೆ ಅನುಪಮಾ ಎದುರು ನಿಂತಿರುತ್ತಾಳೆ.